ಹಸಿರು ಬಣ್ಣದ ದೊಡ್ಡಿ

ಊರು ಅಗಲವಾಗಬೇಕೋ ಎತ್ತರವಾಗಬೇಕೋ ಎಂಬ ಜಗಳ ಕನಕಪುರದಲ್ಲಿ ಶುರುವಾದಾಗ ಜೈನಬ್‌ಗೆ ಒಳಗೊಳಗೇ ಖುಷಿಯಾಗಿತ್ತು. ಜಗಳ ಕಂಡರೆ ಹಿಗ್ಗುವ ಹೆಂಗಸೇನಲ್ಲ ಅವಳು. ಆದರೆ ಈ ಜಗಳಕ್ಕೆ ಒಂದು ನಕ್ಷೆ ಬೇಕಾಗಿತ್ತು, ಆ ನಕ್ಷೆ ಮಾಡುವ ಕೆಲಸ ಅವಳ ಮೇಜಿಗೆ ಬಂದು ಬಿದ್ದಿತ್ತು.

ಜಗಳವಾದರೂ ಸುಮ್ಮನೆ ಹುಟ್ಟಿದ್ದಲ್ಲ. ಹಾರೋಹಳ್ಳಿಯ ಕಾರ್ಖಾನೆಗಳಿಗೆ ಹೋಗಿಬರುವವರೆಲ್ಲ ಕನಕಪುರದಲ್ಲಿ ಬಾಡಿಗೆ ಮನೆ ಹುಡುಕತೊಡಗಿ, ಮನೆ ಸಾಲದೆ, ಊರು ಸಾತನೂರು ರಸ್ತೆಯ ಕಡೆಗೆ ಕಾಲು ಚಾಚುತ್ತ ಹೋಗಿತ್ತು. ಚಾಚಿದಲ್ಲೆಲ್ಲ ಹಿಪ್ಪುನೇರಳೆ ತೋಟ ಸೈಟಾಗುತ್ತಿತ್ತು. ತೋಟ ಉಳಿಯಲಿ, ಇರುವ ಬೀದಿಗಳಲ್ಲೇ ಮಹಡಿಯ ಮೇಲೆ ಮಹಡಿ ಏಳಲಿ ಎಂದು ಒಂದು ಪಕ್ಷ ಹೇಳಿತು. ಇರುವ ಬೀದಿಗಳಲ್ಲಿ ನಲ್ಲಿ ನೀರೇ ಮೇಲಕ್ಕೇರುತ್ತಿಲ್ಲ, ಇನ್ನು ಜನರನ್ನು ಎಲ್ಲಿಗೆ ಏರಿಸುತ್ತೀರಿ ಎಂದು ಇನ್ನೊಂದು ಪಕ್ಷ ಕೇಳಿತು. ಎರಡೂ ಕಡೆಯವರು ಗಂಟಲು ಹರಿಯುವಂತೆ ಮಾತಾಡಿ ದಣಿದ ಮೇಲೆ, ಊರು ಇಲ್ಲಿಯವರೆಗೆ ಹೇಗೆ ಬೆಳೆದು ಬಂತು ಎಂಬುದನ್ನಾದರೂ ಮೊದಲು ಕಣ್ಣಾರೆ ನೋಡೋಣ ಎಂದು ತೀರ್ಮಾನವಾಯಿತು. ಹಾಗೆ ಕೆಲಸ ರಾಮನಗರದ ನಂಜುಂಡಯ್ಯನವರ ನಕ್ಷೆ ಕಚೇರಿಗೆ ಬಂತು. ನಂಜುಂಡಯ್ಯ ಸರ್ವೆ ಕೆಲಸದಲ್ಲೇ ತಲೆ ನರೆಸಿಕೊಂಡ ಮನುಷ್ಯ, ಒಳ್ಳೆಯವರು, ಸ್ವಲ್ಪ ಪುಕ್ಕಲು. ಅವರ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಬಿಡಿಸುವವಳು ಜೈನಬ್. ರೇಷ್ಮೆ ನೂಲು ಬಿಚ್ಚುವವರ ಮನೆಯ ಮಗಳು, ಡಿಪ್ಲೊಮಾ ಓದಿ ಈ ಕೆಲಸ ಹಿಡಿದು ಹತ್ತು ವರ್ಷವಾಗಿತ್ತು.

ಕೆಲಸ ಹೇಳಲು ಸುಲಭ, ಮಾಡಲು ಕಣ್ಣು ಹೋಗುವಂಥದ್ದು. ಅರುವತ್ತರ ದಶಕದ ಸರ್ವೆ ಹಾಳೆ, ಆಮೇಲೆ ಯಾವಾಗಲೋ ವಿಮಾನದಿಂದ ತೆಗೆದ ಫೋಟೋ, ಆಮೇಲಿನ ಉಪಗ್ರಹದ ಚಿತ್ರಗಳು, ಕೊನೆಗೆ ಮೊನ್ನೆ ಮೊನ್ನೆ ಡ್ರೋನ್ ಹಾರಿಸಿ ತೆಗೆದದ್ದು. ಇಷ್ಟನ್ನೂ ಒಂದರ ಮೇಲೊಂದು ಕೂರಿಸಿ, ಯಾವ ಮನೆ ಯಾವಾಗ ಬಂತು, ಯಾವುದು ಬಿತ್ತು, ಯಾವುದರ ಮೇಲೆ ಮಹಡಿ ಎದ್ದಿತು ಎಂದು ಗುರುತು ಹಾಕಬೇಕು. ಬಹಳ ಹಳೆಯ ಮನೆಗೆ ಕಡುಗೆಂಪು, ಅದರ ನಂತರದ್ದಕ್ಕೆ ಕೆಂಪು, ಆಮೇಲೆ ಕಿತ್ತಳೆ, ಹಳದಿ, ತೀರಾ ಹೊಸದಕ್ಕೆ ತಿಳಿಹಳದಿ. ಎಲ್ಲರಿಗೂ ಸೇರಿದ ಜಾಗಕ್ಕೆ, ಅಂದರೆ ಪಾರ್ಕು, ಕೆರೆಯಂಗಳ, ಸರ್ಕಾರಿ ಕಟ್ಟಡಗಳಿಗೆ ಹಸಿರು. ತಿಂಗಳುಗಟ್ಟಲೆ ಬಣ್ಣ ತುಂಬಿ ತುಂಬಿ, ಊರು ತನ್ನ ಕಣ್ಣ ಮುಂದೆಯೇ ಹುಟ್ಟಿ ಬೆಳೆಯುತ್ತಿದೆ ಎಂದು ಅವಳಿಗೆ ಅನ್ನಿಸತೊಡಗಿತ್ತು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅದನ್ನು ಹೇಳಿ ಬೇಜಾರು ಮಾಡಿದ್ದುಂಟು.

ಹಳೆಯ ಸರ್ವೆ ಹಾಳೆಯ ಅಂಚಿನಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ, ಒಂದು ದುಂಡನೆಯ ಆಕಾರವಿತ್ತು. ಸುತ್ತ ಮುಳ್ಳುಬೇಲಿಯ ಗುರುತು, ಒಂದು ಕಡೆ ಬಾಯಿ ತೆರೆದಿದೆ, ಬಾಯಿಯ ಪಕ್ಕದಲ್ಲಿ ಸಾಸಿವೆಯಷ್ಟು ಚಿಕ್ಕದೊಂದು ಮನೆ. ನಡುವೆ ದುಂಡು ಅಕ್ಷರದಲ್ಲಿ ಬರೆದಿತ್ತು: ದೊಡ್ಡಿ. ಅಷ್ಟೇ. ಹಿಂದೆ ಮುಂದೆ ಒಂದು ಹೆಸರಿಲ್ಲ.

ದೊಡ್ಡಿ ಎಂದರೆ ಏನೆಂದು ಜೈನಬ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಚಿಕ್ಕವಳಿದ್ದಾಗ ತಾತ ಇಮಾಮ್ ಸಾಬ್ ಸಾಕಿದ್ದ ಮೇಕೆ ಒಂದು ದಿನ ಹಗ್ಗ ಕಿತ್ತುಕೊಂಡು ಹೋಗಿ ಯಾರದೋ ಹಿಪ್ಪುನೇರಳೆ ಸೊಪ್ಪು ಮೇದುಬಿಟ್ಟಿತ್ತು. ರಾಮನಗರದಲ್ಲಿ ಅದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ. ತೋಟದವರು ಮೇಕೆಯನ್ನು ಹಿಡಿದು ದೊಡ್ಡಿಗೆ ಹಾಕಿಸಿದರು. ಬೀಡಾಡಿ ದನ, ಕದ್ದು ಮೇಯುವ ಮೇಕೆ, ಎಲ್ಲವನ್ನೂ ಕೂಡಿಹಾಕುವ ಸರ್ಕಾರದ ಜಾಗ ಅದು. ತಾತನ ಕೈ ಹಿಡಿದು ಅವಳೂ ಹೋಗಿದ್ದಳು. ಕಂಬಿಯ ಆಚೆ ನಿಂತು ಮೇಕೆ ಒಂದೇ ಸಮ ಕೂಗುತ್ತಿತ್ತು, ಈಚೆ ನಿಂತು ಅವಳು ಅಳುತ್ತಿದ್ದಳು. ದಂಡ ಕಟ್ಟುವಾಗ ತಾತನ ಮುಖ ಚಿಕ್ಕದಾದದ್ದು ಅವಳಿಗೆ ಇನ್ನೂ ನೆನಪಿತ್ತು.

ಹಾಗಾಗಿ ಅವಳು ಎರಡನೆಯ ಯೋಚನೆಯನ್ನೇ ಮಾಡದೆ ಆ ದುಂಡು ಆಕಾರಕ್ಕೆ ಹಸಿರು ತುಂಬಿದಳು. ಪಕ್ಕದ ಚಿಕ್ಕ ಮನೆ ದೊಡ್ಡಿ ಕಾಯುವವನ ಗುಡಿಸಲಿರಬೇಕೆಂದು ಹಾಗೇ ಬರೆದಳು. ಈಗ ಅಲ್ಲಿ ಹತ್ತಾರು ಮನೆಗಳಿದ್ದವು. ಅವು ಸರ್ಕಾರದ ಜಾಗದ ಮೇಲೆ ಆಮೇಲೆ ಬಂದು ಕೂತವೆಂದು ಅವುಗಳ ಮೇಲೆ ಅಡ್ಡಗೆರೆ ಎಳೆದಳು. ಸುತ್ತಮುತ್ತಲ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಹಳ್ಳಿಗಳ ಹೆಸರು ದೊಡ್ಡಿ ಎಂದೇ ಮುಗಿಯುತ್ತದೆ, ಅವನ ದೊಡ್ಡಿ, ಇವನ ದೊಡ್ಡಿ. ಅಷ್ಟೊಂದು ಜನರ ಹೆಸರಿನಲ್ಲಿ ಸರ್ಕಾರ ದನ ಕೂಡಿಹಾಕುತ್ತಿತ್ತೇ ಎಂಬ ಪ್ರಶ್ನೆ ಅವಳಿಗೆ ಹೊಳೆಯಲಿಲ್ಲ. ನಾಲಿಗೆಯ ಮೇಲೆ ದಿನಾ ಓಡಾಡುವ ಮಾತಿನ ಅರ್ಥ ಯಾರು ಹುಡುಕುತ್ತಾರೆ?

ಆದರೂ ಜೈನಬ್ ಕಚೇರಿಯಲ್ಲಿ ಕೂತು ಊರು ಅಳೆಯುವ ಜಾತಿಯವಳಲ್ಲ. ನಕ್ಷೆಯಲ್ಲಿ ಬರೆದದ್ದನ್ನು ಸ್ಥಳಕ್ಕೆ ಹೋಗಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕೆಂಬ ನಿಯಮವಿತ್ತು, ಅವಳು ಅದನ್ನು ಚಾಚೂತಪ್ಪದೆ ಪಾಲಿಸುತ್ತಿದ್ದಳು. ಒಂದು ಬೆಳಗ್ಗೆ ಆ ಜಾಗಕ್ಕೂ ಹೋದಳು. ಬಸ್ ಸ್ಟ್ಯಾಂಡಿನ ಗದ್ದಲದಿಂದ ಒಂದು ಕೂಗಳತೆ ಅಷ್ಟೇ. ಎತ್ತರದ ಕಟ್ಟಡಗಳ ಹಿಂದೆ ತಗ್ಗು ಮನೆಗಳು ದುಂಡಗೆ ಕೂತಿದ್ದವು. ಎಲ್ಲ ಮನೆಗಳ ಬಾಗಿಲೂ ಒಳಮುಖ, ಬೀದಿಯ ಕಡೆಗೆ ಬರೀ ಗೋಡೆ, ಒಂದು ಕಿಟಕಿಯೂ ಇಲ್ಲ. ನಡುವಿನ ಬಯಲಲ್ಲಿ ರಾಗಿ ಒಣಹಾಕಿದ್ದರು. ಬಾಯಿಯ ಪಕ್ಕದ ಮೊದಲ ಮನೆಯ ಜಗುಲಿಯ ಮೇಲೆ ಒಬ್ಬ ಮುದುಕಿ ಮೊರ ಹಿಡಿದು ಕೂತಿದ್ದಳು. ಅವಳ ಹೆಸರು ದೊಡ್ಡಲಕ್ಷ್ಮಮ್ಮ, ಅಲ್ಲಿದ್ದವರಲ್ಲೆಲ್ಲ ಹಿರಿಯಳು. ಜೈನಬ್ ಚಪ್ಪಲಿ ಬಿಟ್ಟು ಕೂತು, ನೀರು ಕುಡಿದು, ಮಾತಿಗೆ ಮಾತು ಬೆಳೆದ ಮೇಲೆ ಮುಖ್ಯ ಪ್ರಶ್ನೆ ಕೇಳಿದಳು.

"ಅಜ್ಜಿ, ಇದು ದೊಡ್ಡಿ ಜಾಗ ತಾನೆ?"

"ಹೂಂ ಕಣ್ ಮಗ, ದೊಡ್ಡಿನೇಯ. ಮೊದ್ಲಿಂದ್ಲೂ ದೊಡ್ಡಿನೇ," ಎಂದಳು ದೊಡ್ಡಲಕ್ಷ್ಮಮ್ಮ. ಅವಳ ದನಿಯಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು. ಜೈನಬ್‌ಗೆ ಆ ಹೆಮ್ಮೆ ಸ್ವಲ್ಪ ವಿಚಿತ್ರವೆನಿಸಿದ್ದು ನಿಜ. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಳ್ಳುವ ಮುದುಕಿ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಳು. ದೊಡ್ಡಿ ಎಂದು ಬರೆದ ಹಾಳೆಯ ಕೆಳಗೆ ಮುದುಕಿ ಹೆಬ್ಬೆಟ್ಟು ಒತ್ತಿದಳು, ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ, ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದಳು. ಕೇಳಿದವಳು ಸುಳ್ಳು ಕೇಳಲಿಲ್ಲ, ಹೇಳಿದವಳು ಸುಳ್ಳು ಹೇಳಲಿಲ್ಲ. ಕೆಟ್ಟದ್ದು ಅಲ್ಲೇ.

ನಕ್ಷೆಯ ಕರಡು ಊರಿಗೆ ಬಂದದ್ದೇ ತಡ, ಊರು ಎತ್ತರವಾಗಲಿ ಎನ್ನುವವರ ಕಣ್ಣು ಮೊದಲು ಬಿದ್ದದ್ದು ಆ ಹಸಿರಿನ ಮೇಲೆ. ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಸರ್ಕಾರದ ಜಾಗ, ಅದರ ಮೇಲೆ ತಗ್ಗು ಮನೆಗಳು, ನಡುವೆ ಅಷ್ಟಗಲ ಬಯಲು ಖಾಲಿ ಬಿದ್ದಿದೆ. ಅಲ್ಲಿ ನಾಲ್ಕು ಅಂತಸ್ತಿನ ವಸತಿ ಕಟ್ಟಡ ಏಳಿಸಿದರೆ ಎಷ್ಟು ತೋಟ ಉಳಿಯುತ್ತದೆ ನೋಡಿ ಎಂದು ಅವರು ಲೆಕ್ಕ ಹಾಕಿದರು. ಈಗಿರುವವರನ್ನು ಸದ್ಯಕ್ಕೆ ಹಾರೋಹಳ್ಳಿ ಕಡೆಯ ಶೆಡ್ಡುಗಳಿಗೆ ಸಾಗಿಸುವುದು, ಕಟ್ಟಡ ಮುಗಿದ ಮೇಲೆ ಅರ್ಹರು ಯಾರೆಂದು ನೋಡಿ ಮನೆ ಕೊಡುವುದು. ಯಾರಿಗೂ ಕೇಡು ಬಗೆಯುವ ಉದ್ದೇಶ ಅವರಿಗಿರಲಿಲ್ಲ. ಜೈನಬ್‌ಗೂ ತನ್ನ ನಕ್ಷೆ ಒಂದು ಉಪಕಾರದ ಕೆಲಸಕ್ಕೆ ಬಂತೆಂದು ಸಂತೋಷವೇ ಆಯಿತು.

ಆ ಸಂತೋಷ ಉಳಿದದ್ದು ಅಪ್ಪಾಜಿ ಕಚೇರಿಯ ಬಾಗಿಲಿಗೆ ಬರುವ ತನಕ. ಅಪ್ಪಾಜಿ ದೊಡ್ಡಲಕ್ಷ್ಮಮ್ಮನ ಮೊಮ್ಮಗ, ಹಾರೋಹಳ್ಳಿಯಲ್ಲಿ ಕಾರ್ಖಾನೆ ಕೆಲಸ. ಹೆತ್ತವಳು ಬೇಗ ಹೋದದ್ದರಿಂದ ಅಜ್ಜಿಯೇ ಎತ್ತಿ ಆಡಿಸಿದ್ದಳು, ಅವಳನ್ನೇ ಅವ್ವ ಎಂದು ಕರೆಯುತ್ತಿದ್ದ. ಪಾಳಿ ಮುಗಿಸಿ ಯೂನಿಫಾರಂ ಸಮೇತ ಬೈಕಿನಲ್ಲಿ ಬಂದಿದ್ದ ಅವನು ಕೂರಲಿಲ್ಲ. ಫೋನಿನಲ್ಲಿ ತೆಗೆದುಕೊಂಡಿದ್ದ ನಕ್ಷೆಯ ಫೋಟೋ ತೋರಿಸಿದ.

"ನಮ್ಮವ್ವನ್ ತಾವ ಏನ್ ಬರುಸ್ಕಂಡ್ ಬಂದ್ರಿ ಮೇಡಂ? ಅವ್ಳೇ ಹೆಬ್ಬೆಟ್ ಒತ್ತವ್ಳೆ ಅಂತಾವ್ರಲ್ಲ ಎಲ್ರೂವೆ."

ಅವನು ಕೂಗಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಸಂಗತಿ ಬಿಡಿಬಿಡಿಯಾಗಿ ಹೊರಬಂತು. ಮುದುಕಿಯ ಒಂದು ಹೆಬ್ಬೆಟ್ಟಿನಿಂದ ಅಷ್ಟೂ ಮನೆ ಹೋಗುತ್ತಿದೆ ಎಂದು ದೊಡ್ಡಿಯಲ್ಲಿ ಎಲ್ಲರೂ ಮುಖ ತಿರುಗಿಸಿಕೊಂಡಿದ್ದಾರೆ. ಮೈದನ ಮನೆಯ ನಾಮಕರಣಕ್ಕೆ ಅವಳೊಬ್ಬಳನ್ನು ಬಿಟ್ಟು ಕರೆದಿದ್ದಾರೆ, ಅದೂ ಪಕ್ಕದ ಬಾಗಿಲಲ್ಲಿ. ಅಪ್ಪಾಜಿಗೆ ಕೋಡಿಹಳ್ಳಿ ಕಡೆಯ ಹೆಣ್ಣು ಗೊತ್ತಾಗಿತ್ತು, ಅಜ್ಜಿಯ ಮನೆಯ ಮೇಲೆ ಒಂದು ಮಹಡಿ ಎತ್ತಿ ಸಂಸಾರ ಹೂಡುವುದೆಂದು ಮಾತಾಗಿತ್ತು. ಈಗ ಹೆಣ್ಣಿನ ಕಡೆಯವರು, ಕೆಳಗಿನ ಮನೆಯೇ ನಿಮ್ಮದಲ್ಲವಂತಲ್ಲ ಎಂದು ಕೇಳುತ್ತಿದ್ದಾರೆ. ಅವನೂ ಅಜ್ಜಿಯ ಜೊತೆ ಮಾತು ಬಿಟ್ಟು ದಿನಗಳಾಗಿವೆ. ಊಟ ಚಿಕ್ಕಪ್ಪನ ಮನೆಯಲ್ಲಿ. ಅಜ್ಜಿ ದಿನಾ ಸಂಜೆ ಅವನ ಪಾಲಿನ ಮುದ್ದೆ ಮಾಡಿ ಮುಚ್ಚಿಡುತ್ತಾಳಂತೆ, ಬೆಳಗ್ಗೆ ಅದನ್ನೇ ಕರಗಿಸಿಕೊಂಡು ತಾನು ಕುಡಿಯುತ್ತಾಳಂತೆ. ಇದನ್ನು ಹೇಳುವಾಗ ಅವನು ಕಿಟಕಿಯ ಕಡೆ ನೋಡುತ್ತಿದ್ದ.

ಅವನು ಹೋದ ಮೇಲೆ ಜೈನಬ್ ಕುರ್ಚಿಯಿಂದ ಎದ್ದಳು. ಹೋಗಿ ನಂಜುಂಡಯ್ಯನವರ ಮುಂದೆ ನಿಂತಳು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಇದರಲ್ಲಿ ನಿನ್ನ ತಪ್ಪೇನಿದೆ ಎಂದು ಸಮಾಧಾನ ಹೇಳಿದರು. ಹಳೆಯ ಹಾಳೆಯಲ್ಲಿ ದೊಡ್ಡಿ ಎಂದಿದೆ, ಅಲ್ಲಿನ ಹಿರಿಯಳೂ ದೊಡ್ಡಿ ಎಂದಿದ್ದಾಳೆ, ಇನ್ನೇನು ಬೇಕು? ಕರಡು ಹೊರಬಿದ್ದಾಗಿದೆ, ತಿದ್ದುವುದೇನಿದ್ದರೂ ಅಹವಾಲು ಕೇಳುವ ಸಭೆಯಲ್ಲೇ. ಅಲ್ಲಿ ಯಾರಾದರೂ ಕೇಳಿದರೆ, ಸ್ಥಳೀಯರು ಹೇಳಿದ್ದನ್ನು ಬರೆದಿದ್ದೇವೆ ಎಂದರೆ ಮುಗಿಯಿತು. ಅವರ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಗೆಂದೇ ಜೈನಬ್‌ಗೆ ನಾಚಿಕೆಯಾಯಿತು. ತನ್ನ ತಲೆಯ ಮೇಲಿನ ಹೊರೆಯನ್ನು ಆ ಮುದುಕಿಯ ತಲೆಗೆ ದಾಟಿಸಿ ಕೈತೊಳೆದುಕೊಳ್ಳುವುದು ಎಷ್ಟು ಸಲೀಸಾಗಿತ್ತು!

ಅವತ್ತು ಅವಳು ದೊಡ್ಡಿಯ ಭಾಗವನ್ನು ಪರದೆಯ ತುಂಬ ಹಿಗ್ಗಿಸಿಕೊಂಡು ಕೂತಳು. ಅಡ್ಡಗೆರೆಗಳನ್ನು ತೆಗೆದು, ಬೇರೆ ಮನೆಗಳಿಗೆ ಮಾಡಿದಂತೆ ಇವಕ್ಕೂ ವರ್ಷಕ್ಕೆ ತಕ್ಕ ಬಣ್ಣ ತುಂಬಿದಳು. ಅದನ್ನು ಅವಳು ಮೊದಲು ಮಾಡಿರಲಿಲ್ಲ. ಜಾಗ ಯಾರದೆಂದು ತೀರ್ಮಾನವಾದ ಮೇಲೆ ಮನೆಗಳ ವಯಸ್ಸು ಯಾರಿಗೆ ಬೇಕು ಎಂದು ಬಿಟ್ಟಿದ್ದಳು. ಬಣ್ಣ ತುಂಬುತ್ತ ತುಂಬುತ್ತ ಅವಳ ಕೈ ನಿಧಾನವಾಯಿತು. ಬಾಯಿಯ ಬಲಗಡೆಯ ಮೊದಲ ಮನೆ ಕಡುಗೆಂಪು. ಅದರ ಪಕ್ಕದ್ದು ಕೆಂಪು, ಅದರ ಪಕ್ಕದ್ದೂ ಕೆಂಪು. ಆಮೇಲೆ ಕಿತ್ತಳೆ, ಕಿತ್ತಳೆ, ಹಳದಿ. ದುಂಡಗೆ ಸುತ್ತಿಕೊಂಡು ಬಂದು ಬಾಯಿಯ ಎಡಗಡೆ ತಿಳಿಹಳದಿಯಲ್ಲಿ ಮುಗಿಯಿತು. ಒಂದು ಮನೆಯೂ ಸಾಲು ತಪ್ಪಿರಲಿಲ್ಲ. ಸರ್ಕಾರದ ಜಾಗದಲ್ಲಿ ಬಂದು ಕೂರುವವರು ಹೀಗೆ ಸರದಿಯಲ್ಲಿ ಬರುತ್ತಾರೆಯೇ? ರಸ್ತೆಯ ಬದಿಯನ್ನು ಮೊದಲು ಹಿಡಿಯುತ್ತಾರೆ, ಆಮೇಲೆ ನಡುವಿನ ಬಯಲನ್ನು ತುಂಬುತ್ತಾರೆ. ಇಷ್ಟು ವರ್ಷ ಊರೂರಿನ ಮನೆಗಳಿಗೆ ಬಣ್ಣ ತುಂಬಿದವಳಿಗೆ ಅದು ಗೊತ್ತಿತ್ತು. ಇಲ್ಲಿ ನಡುವಿನ ಬಯಲನ್ನು ಯಾರೂ ಮುಟ್ಟೇ ಇರಲಿಲ್ಲ. ಹಳೆಯ ಹಾಳೆಯ ಬೇಲಿ ಎಲ್ಲಿತ್ತೋ ಸರಿಯಾಗಿ ಅದರ ಮೇಲೆಯೇ ಇಂದಿನ ಹಿಂಗೋಡೆಗಳು ನಿಂತಿದ್ದವು. ಹಳೆಯ ಹಾಳೆಯ ಮೇಲಿನ ದೊಡ್ಡಿ ಎಂಬ ಮಾತನ್ನು ಅವಳು ಮತ್ತೊಮ್ಮೆ ಓದಿದಳು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಕನಕಪುರಕ್ಕೆ ಹೋದಳು. ದೊಡ್ಡಲಕ್ಷ್ಮಮ್ಮ ಅದೇ ಜಗುಲಿಯ ಮೇಲಿದ್ದಳು. ಎದುರು ಮನೆಯ ಹೆಂಗಸು ಇವಳನ್ನು ಕಂಡು ಬಾಗಿಲು ಹಾಕಿಕೊಂಡಳು. ಮುದುಕಿ ಮಾತ್ರ ಬಾ ಎಂದಳು, ಕೂತ್ಕೋ ಎಂದಳು. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದ ಜೈನಬ್ ಜಗುಲಿಯ ಅಂಚಿನಲ್ಲಿ ಕೂತಳು. ದೊಡ್ಡಿ ಅಂದರೆ ಏನಜ್ಜಿ ಎಂದು, ಮೊದಲ ಸಲವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳಿದಳು.

ದೊಡ್ಡಿ ಎಂದರೆ ಕುರಿ ಕೂಡುವ ಜಾಗ. ದೊಡ್ಡಲಕ್ಷ್ಮಮ್ಮ ಮದುವೆಯಾಗಿ ಬಂದಾಗ ಇಲ್ಲಿ ಊರೇ ಇರಲಿಲ್ಲ, ಹೊಲದ ನಡುವೆ ಅವಳ ಮಾವ ಚನ್ನಯ್ಯನ ಮುಳ್ಳುಬೇಲಿಯ ದೊಡ್ಡಿ, ಅದರ ತುಂಬ ಕುರಿ. ಚನ್ನಯ್ಯ ತನ್ನ ಹೊಲದಲ್ಲಿ ತಾನೇ ಹಾಕಿದ್ದು. ಗಂಡುಮಕ್ಕಳಲ್ಲಿ ಯಾರಿಗೆ ಮದುವೆಯಾದರೂ ಅವನಿಗೆ ಐದಾರು ಮಾರು ಬೇಲಿ ಕೊಡುವುದು ಆ ಮನೆತನದ ಪದ್ಧತಿ. ಅವನು ಅಷ್ಟು ಮುಳ್ಳು ಕಿತ್ತು ಅಲ್ಲಿ ಗೋಡೆ ಎಬ್ಬಿಸಿ ಮನೆ ಕಟ್ಟಬೇಕು. ಗೋಡೆ ಬೇಲಿಯ ಕೆಲಸ ಮಾಡಬೇಕಾದ್ದರಿಂದ ಹಿಂದುಗಡೆ ಕಿಟಕಿ ಇಡುವಂತಿಲ್ಲ, ಬೆಟ್ಟದಿಂದ ಚಿರತೆ ಬರುತ್ತಿತ್ತು. ಗೋಡೆಯ ಮೊದಲ ಮಣ್ಣಿನ ಉಂಡೆ ಇಡುವುದು ಮದುಮಗಳು. ಮೊದಲ ಮದುವೆ ಹಿರಿಯ ಮಗ ಮುನಿರಾಮಯ್ಯನದು, ಅಂದರೆ ಇವಳ ಗಂಡನದು. ಆಮೇಲೆ ಮೈದ ಗಂಗಯ್ಯ, ಆಮೇಲೆ ಉಳಿದ ತಮ್ಮಂದಿರು, ಆಮೇಲೆ ಅವರ ಮಕ್ಕಳು. ಹೀಗೆ ಒಂದೊಂದು ಮದುವೆಗೆ ಅಷ್ಟಷ್ಟು ಬೇಲಿ ಕರಗಿ ಮನೆಯಾಯಿತು. ಬೇಲಿ ಪೂರ್ತಿ ಮುಗಿಯುವ ಹೊತ್ತಿಗೆ ಕುರಿಗಳೂ ಮುಗಿದಿದ್ದವು. ಬಾಯಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ, ಅದು ಎಲ್ಲರೂ ಓಡಾಡುವ ದಾರಿ. ಅದಕ್ಕೇ ಅಪ್ಪಾಜಿಗೆ ಬೇಲಿ ಸಿಗದೆ, ಅವಳು ತನ್ನ ತಾರಸಿಯನ್ನೇ ಕೊಡುತ್ತೇನೆಂದಿದ್ದಳು.

ಜೈನಬ್ ತಾನು ಮಾಡಿದ್ದೇನೆಂದು ಬಿಡಿಸಿ ಹೇಳಿದಳು. ದೊಡ್ಡಿಯನ್ನು ಸರ್ಕಾರದ ದೊಡ್ಡಿ ಎಂದುಕೊಂಡದ್ದು, ಹಸಿರು ತುಂಬಿದ್ದು, ಕೊನೆಗೆ ಈ ಮನೆಯನ್ನು ಕಾಯುವವನ ಗುಡಿಸಲು ಎಂದು ಬರೆದದ್ದನ್ನೂ ಮುಚ್ಚಿಡಲಿಲ್ಲ. ದೊಡ್ಡಲಕ್ಷ್ಮಮ್ಮ ಮೆಲ್ಲಗೆ ನಕ್ಕಳು.

"ಕಾಯೋನ್ ಮನೆ ಅಂತ ಬರ್ದಿದ್ದೀಯಾ? ಅದೇನ್ ಸುಳ್ಳಲ್ಲ ಬುಡು. ನಲವತ್ ವರ್ಸ ನಾನೂ ನಮ್ಮೋರೂ ಇದೇ ಬಾಗ್ಲಲ್ ಮನ್ಗಿ ಕಾದಿದ್ದೀವಿ."

ನಗು ಅಲ್ಲಿಗೇ ನಿಂತಿತು. ಮನೆ ಹೋದರೆ ಹೋಗಲಿ, ವಯಸ್ಸಾಯಿತು, ಎಲ್ಲೋ ಬಿದ್ದುಕೊಳ್ಳುತ್ತೇನೆ, ಆದರೆ ಮಾವ ಕಟ್ಟಿದ ದೊಡ್ಡಿಯನ್ನು ನಾನೇ ಬರೆದುಕೊಟ್ಟೆ ಎನ್ನುತ್ತಾರಲ್ಲ ಮಗ, ಅದನ್ನು ಹೊತ್ತುಕೊಂಡು ಸಾಯುವುದು ಹೇಗೆ ಎಂದು ಕೇಳಿದಳು. ಜೈನಬ್ ಅವಳ ಕೈ ಹಿಡಿದುಕೊಂಡಳು. ಸಭೆಯಲ್ಲಿ ಎಲ್ಲರೆದುರು ಹೇಳುತ್ತೇನೆ ಎಂದು ಮಾತು ಕೊಟ್ಟಳು.

ಅಷ್ಟರಲ್ಲಿ ಅಪ್ಪಾಜಿ ಬಂದ. ಬಯಲಿನ ನಡುವೆಯೇ ನಿಂತು ಪೂರ್ತಿ ಕೇಳಿಸಿಕೊಂಡ. ಅವನಿಗೆ ಇದೆಲ್ಲ ಸುತ್ತುಬಳಸಿನ ಮಾತಾಗಿ ಕಂಡಿತು. ಸಭೆಯಲ್ಲಿ ಕೇಳಿದಾಗ ಇದು ದೊಡ್ಡಿ ಅಲ್ಲ ಎಂದರೆ ಮುಗಿಯಿತಲ್ಲ? ಹಾಗೆ ಅನ್ನಬೇಡಿ, ಹಳೆಯ ಹಾಳೆಯಲ್ಲಿ ದೊಡ್ಡಿ ಎಂದಿದೆ, ಅಲ್ಲ ಎಂದರೆ ಸುಳ್ಳು ಹೇಳಿದರೆಂದು ಇನ್ನೂ ಕಷ್ಟವಾಗುತ್ತದೆ ಎಂದು ಜೈನಬ್ ಬೇಡಿಕೊಂಡಳು. ಅವನು ಅವಳನ್ನು ನಂಬಲಿಲ್ಲ. ನಂಬಲು ಅವಳು ತಾನೇ ಏನು ಮಾಡಿದ್ದಳು? ಅವನು ಎಷ್ಟೋ ದಿನಗಳ ಮೇಲೆ ಅಜ್ಜಿಯ ಜೊತೆ ಮಾತಾಡಿದ್ದು ಅವತ್ತೇ, ಅದೂ ಇಷ್ಟೇ:

"ಕೇಳುದ್ರೆ ದೊಡ್ಡಿ ಅಲ್ಲ ಅಂದ್ಬುಡವ್ವ. ಬ್ಯಾರೆ ಏನೂ ಆಡ್ಬ್ಯಾಡ."

ಸಭೆಯ ದಿನ ಸಭಾಂಗಣ ತುಂಬಿಹೋಗಿತ್ತು. ಅಗಲದವರು ಒಂದು ಕಡೆ, ಎತ್ತರದವರು ಒಂದು ಕಡೆ, ದೊಡ್ಡಿಯವರೆಲ್ಲ ಹಿಂದಿನ ಸಾಲುಗಳಲ್ಲಿ. ದೊಡ್ಡಲಕ್ಷ್ಮಮ್ಮನ ಪಕ್ಕದ ಕುರ್ಚಿಗಳು ಖಾಲಿ ಇದ್ದವು. ಗೋಡೆಯ ಮೇಲೆ ಜೈನಬ್‌ಳ ನಕ್ಷೆ ಬೆಳಗುತ್ತಿತ್ತು. ಸಭೆ ನಡೆಸಲು ಬಂದಿದ್ದ ಅಧಿಕಾರಿ ತಾಳ್ಮೆಯ ಮನುಷ್ಯ, ಒಂದೊಂದೇ ಜಾಗದ ತಕರಾರು ಕೇಳುತ್ತ ಬಂದರು. ದೊಡ್ಡಿಯ ಸರದಿ ಬಂದಾಗ ನಂಜುಂಡಯ್ಯ ಮೆಲ್ಲಗೆ ಕೆಮ್ಮಿದರು. ಹೆಬ್ಬೆಟ್ಟು ಹಾಕಿದ ಹಿರಿಯರು ಬಂದಿದ್ದಾರೆಯೇ ಎಂದು ಅಧಿಕಾರಿ ಕೇಳಿದರು. ಮುದುಕಿ ಎದ್ದು ಮುಂದೆ ಬಂದು, ಸೆರಗು ಹೊದ್ದುಕೊಂಡು, ಕೈಮುಗಿದು ನಿಂತಳು.

ನೀವಿರುವ ಜಾಗ ದೊಡ್ಡಿ ಹೌದೋ ಅಲ್ಲವೋ, ಹೆದರದೆ ಹೇಳಿ ಎಂದರು ಅಧಿಕಾರಿ.

ದೊಡ್ಡಲಕ್ಷ್ಮಮ್ಮ ತಿರುಗಿ ಅಪ್ಪಾಜಿಯನ್ನು ನೋಡಿದಳು. ಅವನು ಅಲ್ಲ ಎನ್ನುವಂತೆ ತಲೆಯಾಡಿಸಿದ. ಮದುಮಗಳಾಗಿ ಬಂದ ದಿನದಿಂದ ಅವಳು ಆ ಜಾಗಕ್ಕೆ ಬೇರೆ ಹೆಸರು ಹೇಳಿದವಳಲ್ಲ. ಹೊಲದಿಂದ ಹೊರಟರೆ ದೊಡ್ಡಿಗೆ ಹೋಗುತ್ತೇನೆ ಎನ್ನುತ್ತಿದ್ದಳು, ತವರಿನಿಂದ ಹೊರಟರೂ ದೊಡ್ಡಿಗೆ ಹೋಗುತ್ತೇನೆ ಎನ್ನುತ್ತಿದ್ದಳು.

"ಹೌದು ಸ್ವಾಮಿ," ಎಂದಳು ಕೊನೆಗೆ. "ದೊಡ್ಡಿನೇಯ."

ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು. ಅಪ್ಪಾಜಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅಧಿಕಾರಿ ಬರೆದುಕೊಳ್ಳಲು ಬಗ್ಗಿದರು. ಆಗ ಜೈನಬ್ ಎದ್ದು ನಿಂತಳು. ನಂಜುಂಡಯ್ಯ ಕೂತಲ್ಲಿಂದಲೇ ಬೇಡ ಎನ್ನುವಂತೆ ನೋಡುತ್ತಿದ್ದರು. ಕೇಳಿದ್ದು ಅರ್ಧ ಪ್ರಶ್ನೆ, ಇನ್ನರ್ಧ ನಾನು ಕೇಳಬಹುದೇ ಎಂದು ಅಧಿಕಾರಿಯ ಅಪ್ಪಣೆ ಪಡೆದಳು.

"ಅಜ್ಜಿ, ಯಾರ ದೊಡ್ಡಿ?"

ದೊಡ್ಡಲಕ್ಷ್ಮಮ್ಮ ಅವಳನ್ನು, ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದಳು.

"ಯಾರ್ದು ಅಂದ್ರೆ? ನಮ್ದೇ ಕಣ್ ಮಗ. ನಮ್ ಮಾವ ಚನ್ನಯ್ಯನ್ ಕುರಿ ದೊಡ್ಡಿ."

"ಸರ್ಕಾರದ್ದಲ್ವಾ?"

"ಸರ್ಕಾರದ್ ದೊಡ್ಡಿಲಿ ಯಾರಾರ ಮದ್ವೆ ಮಾಡ್ಕಂಡ್ ಸಂಸಾರ ಮಾಡ್ತಾರ?"

ಸಭೆ ನಕ್ಕಿತು. ಅಧಿಕಾರಿಯೂ ನಕ್ಕು ಪೆನ್ನು ಕೆಳಗಿಟ್ಟರು. ಜೈನಬ್ ಗೋಡೆಯ ಮೇಲಿನ ನಕ್ಷೆಯಲ್ಲಿ ಹಸಿರನ್ನು ತೆಗೆದು ತಾನು ಹೊಸದಾಗಿ ತುಂಬಿದ ಬಣ್ಣಗಳನ್ನು ತೋರಿಸಿದಳು. ಕಡುಗೆಂಪಿನಿಂದ ತಿಳಿಹಳದಿಯವರೆಗೆ ಸಾಲು ತಪ್ಪದೆ ಸುತ್ತಿ ಬಂದ ಮನೆಗಳು, ನಡುವೆ ಯಾರೂ ಮುಟ್ಟದ ಬಯಲು, ಹಳೆಯ ಬೇಲಿಯ ಮೇಲೆಯೇ ನಿಂತ ಗೋಡೆಗಳು. ಇವು ಯಾವ ಯಾವ ಕಾಲದವೆಂದು ನಕ್ಷೆ ಹೇಳುತ್ತದೆ, ಯಾಕೆ ಈ ಸಾಲಿನಲ್ಲಿ ಬಂದವೆಂದು ಅಜ್ಜಿ ಹೇಳುತ್ತಾರೆ ಎಂದಳು. ದೊಡ್ಡಲಕ್ಷ್ಮಮ್ಮ ಗೋಡೆಯ ಹತ್ತಿರ ಹೋಗಿ ಒಂದೊಂದೇ ಬಣ್ಣವನ್ನು ಬೆರಳಿಂದ ಮುಟ್ಟುತ್ತ ಬಂದಳು. ಇದು ನಮ್ಮದು, ಇದು ಗಂಗಯ್ಯನ ಮದುವೆಯದು, ಇದು ಅವನ ತಮ್ಮನದು, ಆ ವರ್ಷ ಮಳೆ ಜಾಸ್ತಿ, ಗೋಡೆ ಎರಡು ಸಲ ಬಿತ್ತು. ಹಿಂದಿನ ಸಾಲಿನಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ನಿಂತರು, ತಮ್ಮ ತಮ್ಮ ಮನೆಯ ಸರದಿ ಬಂದಾಗ ಕತ್ತು ಉದ್ದ ಮಾಡಿದರು. ನಾಮಕರಣಕ್ಕೆ ಕರೆಯದಿದ್ದ ಮೈದ ಗಂಗಯ್ಯ, ಮೂರನೆಯದು ತಪ್ಪು ಅತ್ತಿಗೆ, ಅದು ಕೊನೆಯ ತಮ್ಮನದು ಎಂದು ಕೂತಲ್ಲಿಂದಲೇ ತಿದ್ದಿದ. ಅವನ ಅತ್ತಿಗೆ ಇಲ್ಲ ಕಣಪ್ಪ ಎಂದು ಅವನನ್ನೇ ತಿದ್ದಿದಳು.

ಕೊನೆಗೆ ಜೈನಬ್ ಎಲ್ಲರ ಕಡೆ ತಿರುಗಿ ನಿಂತಳು.

"ಈ ಜಾಗಕ್ಕೆ ಹಸಿರು ಹಾಕಿದ್ದು ನಾನು. ಅಜ್ಜಿ ಹೇಳಿದ್ದು ಅವತ್ತೂ ಸರಿಯಾಗೇ ಇತ್ತು. ನನಗೆ ಕೇಳೋಕೆ ಬರಲಿಲ್ಲ."

ಅಧಿಕಾರಿ ಹಸಿರನ್ನು ಅಳಿಸಬೇಕೆಂದು, ಚನ್ನಯ್ಯನ ಹೆಸರಿನ ಹಳೆಯ ದಾಖಲೆ ತರಿಸಿ ನೋಡುವವರೆಗೆ ಕಟ್ಟಡದ ಮಾತು ಬೇಡವೆಂದು ಬರೆಸಿದರು. ಎತ್ತರದವರಲ್ಲಿ ಒಬ್ಬರು ಎದ್ದು, ಹಾಗಾದರೆ ಅವರವರ ಮನೆಯ ಮೇಲೆ ಅವರೇ ಒಂದೊಂದು ಮಹಡಿ ಎತ್ತಿಕೊಳ್ಳಲಿ, ನಡುವಿನ ಬಯಲು ಹಾಗೇ ಇರಲಿ, ತೋಟವೂ ಉಳಿಯುತ್ತದೆ ಎಂದರು. ಅಗಲದವರಲ್ಲಿ ಒಬ್ಬರು ನೀರಿನ ವಿಚಾರ ಎತ್ತಿದರು. ಜಗಳ ಮತ್ತೆ ಶುರುವಾಯಿತು, ಅದು ಇವತ್ತಿಗೂ ಮುಗಿದಿಲ್ಲ.

ಸಭೆ ಮುಗಿದ ಮೇಲೆ ಜೈನಬ್ ಕಂಪ್ಯೂಟರ್ ಚೀಲ ಹೆಗಲಿಗೇರಿಸಿ ಹೊರಗೆ ಬಂದಳು. ನಂಜುಂಡಯ್ಯ ಅವಳ ಕೈಯಲ್ಲಿದ್ದ ಇನ್ನೊಂದು ಚೀಲ ಇಸಿದುಕೊಂಡರು, ಅವರ ಮಟ್ಟಿಗೆ ಅದು ದೊಡ್ಡ ಮಾತು. ದೊಡ್ಡಲಕ್ಷ್ಮಮ್ಮ ಮೆಟ್ಟಿಲಿನ ಕೊನೆಯಲ್ಲಿ ಒಂಟಿಯಾಗಿ ನಿಂತಿದ್ದಳು. ದೊಡ್ಡಿಯವರು ಗುಂಪಾಗಿ ಆಚೆ ನಿಂತಿದ್ದರು. ಕರೆಯಬೇಕೆಂಬ ಮನಸ್ಸಿದ್ದರೂ ಇಷ್ಟು ದಿನ ಬಿಟ್ಟಿದ್ದ ಮಾತನ್ನು ಯಾರು ಮೊದಲು ಎತ್ತಿಕೊಳ್ಳುವುದೆಂದು ಎಲ್ಲರಿಗೂ ನಾಚಿಕೆ. ತಾನು ಯಾರ ಜೊತೆ ಬಂದೆ, ಯಾರ ಜೊತೆ ಹೋಗಬೇಕೆಂದು ತಿಳಿಯದೆ ಮುದುಕಿ ಸೆರಗಿನ ತುದಿ ಹಿಡಿದುಕೊಂಡು ಅತ್ತಿತ್ತ ನೋಡುತ್ತಿದ್ದಳು. ಜೈನಬ್ ಹತ್ತಿರ ಹೋಗಬೇಕೆಂದುಕೊಂಡು ಕಾಲು ಮುಂದಿಟ್ಟವಳು ಅಲ್ಲೇ ನಿಂತಳು.

ಅಪ್ಪಾಜಿ ಬೈಕನ್ನು ತಳ್ಳಿಕೊಂಡು ಬಂದು ಮೆಟ್ಟಿಲಿನ ಪಕ್ಕಕ್ಕೆ ನಿಲ್ಲಿಸಿದ. ಅಜ್ಜಿಯ ಮುಖವನ್ನು ನೋಡಲು ಅವನಿಗಾಗಲಿಲ್ಲ. ಹಿಂದಿನ ಸೀಟಿನ ದೂಳನ್ನು ಅಂಗೈಯಿಂದ ಒರೆಸಿದ, ಮತ್ತೊಮ್ಮೆ ಒರೆಸಿದ.

"ಹತ್ತವ್ವ," ಎಂದ. "ದೊಡ್ಡಿಗೋಗಮ. ಮುದ್ದೆ ಮಾಡ್ಕೊಡೀವಂತೆ."

ದೊಡ್ಡಲಕ್ಷ್ಮಮ್ಮ ಅವನ ಹೆಗಲು ಹಿಡಿದು ಹತ್ತಿ ಕೂತಳು. ಬೈಕು ಗೇಟು ದಾಟುವ ತನಕ ಜೈನಬ್ ನೋಡುತ್ತ ನಿಂತಿದ್ದು, ಆಮೇಲೆ ರಾಮನಗರದ ಬಸ್ಸು ಹಿಡಿಯಲು ಹೊರಟಳು.